ದಂಡ ಹೊಡೆಯುವ ಸರಿಯಾದ ಕ್ರಮ

ಭಾರತದ ದೇಹದಾರ್ಢ್ಯ ಕ್ರೀಡೆ ಬರೀ ಬಾರ್ಬೆಲ್‌ನಿಂದ ಬೆಳೆದದ್ದಲ್ಲ. ಮನೋತೋಷ್ ರಾಯ್ (1951), ಮನೋಹರ್ ಐಚ್ (1952) ತಮ್ಮ ವಿಭಾಗಗಳಲ್ಲಿ ಮಿಸ್ಟರ್ ಯೂನಿವರ್ಸ್ ಆಗುವ ಮುಂಚೆಯೇ ಬೆಂಗಳೂರಿನಲ್ಲಿ ವ್ಯಾಯಾಮ ಗುರು ಕೆ.ವಿ. ಅಯ್ಯರ್ ಕಬ್ಬಿಣದ ಭಾರ ಎತ್ತುವುದರ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸುತ್ತಿದ್ದರು. ನೆಲಕ್ಕೆ ಕೈಯೂರಿ ಮಾಡುವ ಗರಡಿಮನೆಯ ದಂಡ ಸೂರ್ಯನಮಸ್ಕಾರಕ್ಕೆ ಹತ್ತಿರದ ಸಾಮು. ಎದೆ, ಭುಜ, ತೋಳಿನ ಹಿಂಬದಿ ಮೂರಕ್ಕೂ ಇದರಷ್ಟು ಕೆಲಸ ಕೊಡುವ, ಖರ್ಚೇ ಇಲ್ಲದ ವ್ಯಾಯಾಮ ಅಪರೂಪ.

ಅಂಗೈಗಳನ್ನು ಭುಜದಷ್ಟೇ ಅಗಲಕ್ಕೆ ಊರಿ. ಪಾದಗಳ ನಡುವೆ ಒಂದೂವರೆ ಅಡಿ ಬಿಟ್ಟು, ಮಂಡಿ ಮಡಿಸದೆ ಸೊಂಟ ಮೇಲೆತ್ತಿ. ಈಗ ಮೊಣಕೈ ಮಡಿಸುತ್ತಾ ಮೊದಲು ತಲೆ, ಆಮೇಲೆ ಎದೆ, ಕೊನೆಗೆ ಹೊಟ್ಟೆ ನೆಲ ಸವರುವಂತೆ ಮುಂದಕ್ಕೆ ಜಾರಿ. ಎದೆ ನೆಲದಿಂದ ಎರಡು ಬೆರಳಷ್ಟೇ ಮೇಲಿರಬೇಕು. ಕೈ ನೆಟ್ಟಗೆ ಮಾಡಿ ಎದೆ ಎತ್ತುವಾಗ ಉಸಿರು ಎಳೆದುಕೊಳ್ಳಿ, ಸೊಂಟ ಎತ್ತಿ ಹಿಂದಕ್ಕೆ ಹೋಗುವಾಗ ಬಿಡಿ.

ಮೊಣಕೈ ಪಕ್ಕಕ್ಕೆ ಅಗಲಿದರೆ ಭಾರ ಭುಜದ ಕೀಲಿಗೆ ಬಿದ್ದು ನೋವು ಶುರುವಾಗುತ್ತದೆ. ಪಕ್ಕೆಗೆ ಹತ್ತಿರವೇ ಇರಲಿ. ಹೊಟ್ಟೆ ಸಡಿಲ ಬಿಟ್ಟರೆ ನಡು ಜೋತುಬಿದ್ದು ಕೆಳಬೆನ್ನು ಹಿಡಿದುಕೊಳ್ಳುತ್ತದೆ.

ಹೊಸಬರಿಗೆ 8ರಂತೆ 3 ಸುತ್ತು, ನಡುವೆ 90 ಸೆಕೆಂಡು ಬಿಡುವು, ವಾರಕ್ಕೆ 3 ದಿನ ಸಾಕು. ಎದೆ ಪೂರ್ತಿ ಇಳಿಯದ ದಂಡವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರೂ ಸುತ್ತಿನಲ್ಲಿ 15 ಸರಾಗವಾದ ಮೇಲೆ ಪಾದಗಳನ್ನು ಇಟ್ಟಿಗೆಯಷ್ಟು ಎತ್ತರದಲ್ಲಿಟ್ಟು ಮುಂದುವರಿಸಿ.