ಸಂವಿಧಾನದ ಮಾತು ನಮ್ಮೂರಿಗೆ ಎಷ್ಟು ಮುಟ್ಟಿದೆ: ಲೆಕ್ಕ ಹಿಡಿಯುವ ಬಗೆ

ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಸಂವಿಧಾನದಲ್ಲಿ ದೇಶ ಕೊಟ್ಟ ಮಾತು ಉಳಿಸಿಕೊಂಡಿದೆಯೋ ಇಲ್ಲವೋ ಅನ್ನುವ ಜಗಳ ಮೊಬೈಲಿನಲ್ಲಿ ದಿನಾ ನಡೀತದ, ಮುಗಿಯೋದಿಲ್ಲ. ಅದೇ ಪ್ರಶ್ನೆಯನ್ನು ಒಂದು ಗ್ರಾಮ ಪಂಚಾಯಿತಿಯ ಗಡಿಯೊಳಗೆ ಇಳಿಸಿದರೆ ಉತ್ತರ ಕೈಗೆ ಸಿಗುತ್ತದೆ. ನಾನು ಹಾವೇರಿ ಜಿಲ್ಲೆಯ ಒಂದು ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಊರ ಗ್ರಂಥಾಲಯ, ನೋಡಿಕೊಳ್ಳುವವಳು. ಪಿಯುಸಿ ಓದುವ ಹುಡುಗ-ಹುಡುಗಿಯರನ್ನು ಕಟ್ಟಿಕೊಂಡು ಸಂವಿಧಾನ ದಿನವಾದ ನವೆಂಬರ್ 26ರಿಂದ ಗಣರಾಜ್ಯೋತ್ಸವದ ಜನವರಿ 26ರ ನಡುವೆ ಈ ಕೆಲಸ ಮಾಡಿಸುತ್ತೇನೆ. ನಾವು ಮಾಡುವ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ನಿಮ್ಮೂರಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಪೀಠಿಕೆಯಿಂದ ನಾಲ್ಕೇ ಮಾತು ಆರಿಸಿಕೊಳ್ಳಿ: ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ. ಒಂದೊಂದಕ್ಕೂ ಕಣ್ಣಿಗೆ ಕಾಣುವ ಅಥವಾ ದಾಖಲೆಯಲ್ಲಿ ಸಿಗುವ ಒಂದು ಪ್ರಶ್ನೆ ಬರೆಯಿರಿ. "ನಮ್ಮೂರಲ್ಲಿ ಸಮಾನತೆ ಇದೆಯೇ?" ಎಂದು ಬರೆದರೆ ಆ ಪುಟ ಹರಿದು ಹಾಕಿ.

ಆಮೇಲೆ ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ತಾರೀಖಿಗೆ ಜಾಗ ಬಿಡಿ. ಮಾತು ಕೊಟ್ಟ ವರ್ಷ, ಕಾನೂನು ಬಂದ ವರ್ಷ, ಅದು ಸಾಲದೆ ಮತ್ತೊಂದು ಕಾನೂನು ತಂದ ವರ್ಷ, ನಿಮ್ಮ ಓಣಿಗೆ ಅದು ಮುಟ್ಟಿದ ವರ್ಷ. ಶಾಲೆಯನ್ನೇ ನೋಡಿ. ಸಂವಿಧಾನದ 45ನೇ ವಿಧಿ 1950ರಲ್ಲಿ ಹೇಳಿದ್ದು, ಹತ್ತು ವರ್ಷದೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣಕ್ಕೆ ಪ್ರಯತ್ನ ಆಗಬೇಕು ಅಂತ. ಅಂದರೆ 1960. ಅದು ಮೂಲಭೂತ ಹಕ್ಕಾಗಿ ಸಂವಿಧಾನದೊಳಗೆ ಸೇರಿದ್ದು 2002ರ 86ನೇ ತಿದ್ದುಪಡಿಯಿಂದ, ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ನಾಲ್ಕನೆಯ ತಾರೀಖು ನಿಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿದೆ. ನಿಮ್ಮೂರಿನ ಕೂಲಿಕಾರರ ಓಣಿಯ ಮೊದಲ ಹೆಣ್ಣುಮಗಳು ಏಳನೇ ಇಯತ್ತೆ ದಾಟಿದ್ದು ಯಾವಾಗ? ಆಕೆ ಇನ್ನೂ ಊರಲ್ಲೇ ಇರಬಹುದು, ಹೋಗಿ ಮಾತಾಡಿಸಿ.

ಶಾಲೆಯ ಲೆಕ್ಕ ಸುಲಭ, ಬೇಗ ಮುಗಿಸಿ. ಒಂದರಿಂದ ಐದನೇ ತರಗತಿವರೆಗೆ 60ರವರೆಗೆ ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61ರಿಂದ 90 ಇದ್ದರೆ ಮೂವರು ಇರಬೇಕೆಂದು ಕಾಯ್ದೆಯ ಅನುಸೂಚಿ ಹೇಳುತ್ತದೆ. ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಗ್ರಂಥಾಲಯ, ಆಟದ ಬಯಲು ಎಲ್ಲವೂ ಅದರಲ್ಲೇ ಇದೆ. ಶೌಚಾಲಯ ಕಟ್ಟಿದೆಯೇ ಎಂದು ಕೇಳಬೇಡಿ. ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ.

ರಾಜಕೀಯ ನ್ಯಾಯಕ್ಕೆ ಪಂಚಾಯಿತಿಗೇ ಹೋಗಬೇಕು. ಈ ವಿಷಯದಲ್ಲಿ ಕರ್ನಾಟಕದವರಿಗೆ ಸ್ವಲ್ಪ ಹೆಮ್ಮೆ ಪಡುವ ಹಕ್ಕಿದೆ. 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಮುಂಚೆಯೇ, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕಾಲದ ಕಾಯ್ದೆಯಡಿ 1987ರ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಮೀಸಲಿಟ್ಟವರು ನಾವು. ಈಗ ಅದು ಅರ್ಧ. ಆದರೆ ಅರ್ಧ ಅನ್ನುವುದು ಫಲಕದ ಮೇಲಿನ ಲೆಕ್ಕ. ಪಂಚಾಯಿತಿ ಗೋಡೆಯ ಮೇಲೆ ಅಧ್ಯಕ್ಷೆಯ ಹೆಸರಿನ ಮುಂದೆ ಬರೆದ ಫೋನ್ ನಂಬರಿಗೆ ಒಮ್ಮೆ ಕರೆ ಮಾಡಿ, ಯಾರು ಎತ್ತುತ್ತಾರೆ ಗುರುತು ಹಾಕಿಕೊಳ್ಳಿ. ನಡಾವಳಿ ಪುಸ್ತಕದಲ್ಲಿ ಯಾವ ಸದಸ್ಯೆ ಯಾವ ವಿಷಯ ಎತ್ತಿದರು ನೋಡಿ. ಕೆಲವು ಊರಲ್ಲಿ ಗಂಡ "ಅಧ್ಯಕ್ಷರು" ಆಗಿರುತ್ತಾನೆ. ಕೆಲವು ಊರಲ್ಲಿ ಎರಡನೇ ಸಲ ಗೆದ್ದ ಹೆಂಗಸು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೇ (ಪಿಡಿಒ) ಬೆವರಿಳಿಸುತ್ತಾಳೆ. ಎರಡನ್ನೂ ಬರೆಯಿರಿ. ಕೆಟ್ಟದ್ದನ್ನಷ್ಟೇ ಹೆಕ್ಕುವ ಲೆಕ್ಕವನ್ನು ನಾನು ನಂಬುವುದಿಲ್ಲ.

ಇನ್ನು ಸಮಾನತೆ. ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 15ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆ ಎಂದು ಹೆಸರಿಟ್ಟೇ ಹೇಳಿದೆ. 1955ರಲ್ಲಿ ಒಂದು ಕಾಯ್ದೆ ಬಂತು, ಸಾಲಲಿಲ್ಲ, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ನೀವು ಹೋಗಿ "ಊರಲ್ಲಿ ಅಸ್ಪೃಶ್ಯತೆ ಇದೆಯೇ" ಎಂದು ಕೇಳಿದರೆ ಕಟ್ಟೆ ಮೇಲೆ ಕೂತ ಹಿರಿಯರೆಲ್ಲ ಒಂದೇ ದನಿಯಲ್ಲಿ "ನಮ್ಮೂರಾಗ ಅಂಥಾದ್ದೇನಿಲ್ಲ ಬಿಡ್ರಿ" ಅಂತಾರೆ. ಅದಕ್ಕೇ ಬೇರೆ ಪ್ರಶ್ನೆ ಬೇಕು. ದಲಿತ ಕೇರಿಯ ಹುಡುಗರು ಕಟಿಂಗ್ ಎಲ್ಲಿ ಮಾಡಿಸುತ್ತಾರೆ? ಊರಲ್ಲೇ ಕ್ಷೌರದಂಗಡಿ ಇದ್ದೂ ಅವರು ಬಸ್ ಹತ್ತಿ ತಾಲ್ಲೂಕಿಗೆ ಹೋಗುತ್ತಿದ್ದರೆ, ಬಸ್ ಚಾರ್ಜ್ ಬರೆದುಕೊಳ್ಳಿ. ಸ್ವಾತಂತ್ರ್ಯಾನಂತರದ ಇಷ್ಟು ವರ್ಷದ ಮೇಲೂ ಒಬ್ಬ ಪೌರ ಕೊಡುವ ತೆರಿಗೆ ಅದು.

ಚಹಾದಂಗಡಿಯಲ್ಲಿ ಈಗ ದಲಿತರಿಗೆ ಬೇರೆ, ಉಳಿದವರಿಗೆ ಬೇರೆ ಎಂದು ಎರಡು ಲೋಟ ಹುಡುಕಿದರೆ ಸಿಗಲಿಕ್ಕಿಲ್ಲ, ಕಾಗದದ ಕಪ್ಪು ಬಂದು ಆ ಗುರುತು ಅಳಿಸಿದೆ. ಯಾರು ಬೆಂಚಿನ ಮೇಲೆ ಕೂತು ಕುಡಿಯುತ್ತಾರೆ, ಯಾರು ರಸ್ತೆಯಂಚಿಗೆ ನಿಂತು ಕುಡಿಯುತ್ತಾರೆ, ಕಪ್ಪನ್ನು ಕೈಗೆ ಕೊಡುತ್ತಾರೋ ಕಟ್ಟೆ ಮೇಲೆ ಇಡುತ್ತಾರೋ ನೋಡಿ. ಒಂದು ಮುಂಜಾನೆ ಪೇಪರ್ ಓದುತ್ತ ಕೂತರೆ ಸಾಕು. ಜಾತ್ರೆಯ ಊಟದ ಪಂಕ್ತಿ, ಮದುವೆಗೆ ಕರೆದ ಬಗೆ, ಗುಡಿಯ ಕಟ್ಟೆಯವರೆಗೆ ಯಾರು, ಒಳಗೆ ಯಾರು, ಇವೆಲ್ಲ ಹಾಗೇ ಗೊತ್ತಾಗುತ್ತವೆ.

ಎಚ್ಚರಿಕೆಯ ಮಾತು ಒಂದಿದೆ, ದಯವಿಟ್ಟು ಹಗುರವಾಗಿ ತಗೋಬೇಡಿ. ಉತ್ತರ ಹೇಳಿದವರು ಅದೇ ಊರಲ್ಲಿ ಬದುಕಬೇಕು. ನಾಳೆ ಕೂಲಿಗೆ ಕರೆಯದಿದ್ದರೆ, ಕಿರಾಣಿ ಉದ್ರಿ ನಿಲ್ಲಿಸಿದರೆ ನಿಮ್ಮ ನೋಟ್‌ಬುಕ್ ಅವರ ಹೊಟ್ಟೆ ತುಂಬಿಸುವುದಿಲ್ಲ. ಹೆಸರು ಬರೆಯಬೇಡಿ, ಫೋಟೊ ಬೇಡ, ನಾಲ್ಕು ಜನರೆದುರು ಕೇಳಬೇಡಿ, ಚಿಕ್ಕ ಮಕ್ಕಳನ್ನು ಈ ಪ್ರಶ್ನೆಗೆ ಕಳಿಸಬೇಡಿ. ದೂರು ಕೊಡಬೇಕೋ ಬೇಡವೋ ಎಂಬ ತೀರ್ಮಾನ ಅನುಭವಿಸಿದವರದು. ಅವರು ಕೊಡುತ್ತೇವೆ ಎಂದರೆ, 1989ರ ಕಾಯ್ದೆಯಡಿ ತನಿಖೆ ಮಾಡಬೇಕಾದವರು ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು ಅನ್ನುವುದನ್ನು ತಿಳಿಸಿ, ಜೊತೆಗೆ ಹೋಗಿ.

ಕಾನೂನು ಇದೆ ಅನ್ನುವುದನ್ನೇ ಉತ್ತರ ಎಂದು ಬರೆಯುವವರಿಗೆ ನಾನು ಸವಣೂರನ್ನು ನೆನಪಿಸುತ್ತೇನೆ. ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲೇ, ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ರಾಜ್ಯ ನಮ್ಮದು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಆದರೂ 2010ರಲ್ಲಿ ನಮ್ಮ ಜಿಲ್ಲೆಯ ಸವಣೂರಿನಲ್ಲಿ ಆ ಕೆಲಸ ಮಾಡುತ್ತಿದ್ದ ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. 2013ರಲ್ಲಿ ಮತ್ತೊಂದು ಕಾಯ್ದೆ ಆಯಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಇದನ್ನೇ: ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇಟ್ಟುಕೊಂಡು ವೈರುಧ್ಯದ ಬದುಕಿಗೆ ಕಾಲಿಡುತ್ತಿದ್ದೇವೆ ಎಂದು. ನಿಮ್ಮ ನೋಟ್‌ಬುಕ್ಕಿನ ಪಂಚಾಯಿತಿಯ ಪುಟವನ್ನೂ ಚಹಾದಂಗಡಿಯ ಪುಟವನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಸ್ವಾತಂತ್ರ್ಯಕ್ಕೆ ನಮ್ಮ ಪ್ರಶ್ನೆ ಚಿಕ್ಕದು: ಕಳೆದ ಗ್ರಾಮಸಭೆಯಲ್ಲಿ ವಿರುದ್ಧ ಮಾತಾಡಿದವರು ಯಾರು, ಆಮೇಲೆ ಅವರಿಗೆ ಏನಾಯಿತು?

ಭ್ರಾತೃತ್ವಕ್ಕೆ ಯಾವ ಕಚೇರಿಯಲ್ಲೂ ಫೈಲ್ ಇಲ್ಲ. ಆದರೂ ಒಂದು ದಾಖಲೆ ಹತ್ತಿರ ಬರುತ್ತದೆ, ಸ್ಮಶಾನದ್ದು. ಯಾವ ಸಮುದಾಯಕ್ಕೆ ಎಲ್ಲಿ ಜಾಗ ಇದೆ, ಯಾರು ಹಳ್ಳದ ದಂಡೆಯಲ್ಲಿ ಹೂಳುತ್ತಾರೆ, ಮಳೆಗಾಲದಲ್ಲಿ ಹೆಣ ಒಯ್ಯಲು ಯಾರ ಹೊಲ ದಾಟಬೇಕು, ದಾಟಲು ಬಿಡುತ್ತಾರೋ ಇಲ್ಲವೋ. ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರ್ ಹುಡುಕಿ, ಪಹಣಿ ತೆಗೆಸಿ, ಮಾಲೀಕರ ಹೆಸರಿರುವ 9ನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ ನೋಡಿ. ನಂತರ ಜಾಗಕ್ಕೇ ಹೋಗಿ. ಕಾಗದದ ಮೇಲಿನ ಸ್ಮಶಾನದಲ್ಲಿ ಗೋವಿನಜೋಳ ಬೆಳೆದಿರುವುದೂ ಉಂಟು.

ಬಾಯಿಮಾತಿಗೆ ಸಿಗದ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೆ ಸಲೀಸು. ಬಿಪಿಎಲ್ ಕಾರ್ಡಿನವರು ಕೊಡಬೇಕಿಲ್ಲ. "ಯಾಕೆ ಮಾಡಿಲ್ಲ" ಎಂದು ಕೇಳಿದರೆ ಅರ್ಜಿ ಬಿದ್ದುಹೋಗುತ್ತದೆ. "ಇಂಥ ವರ್ಷದ ಇಂಥ ನಡಾವಳಿಯ ದೃಢೀಕೃತ ಪ್ರತಿ ಕೊಡಿ" ಎಂದು ಕೇಳಿ. ಸ್ವೀಕೃತಿ ಮುದ್ರೆ ಹಾಕಿಸದೆ ಟೇಬಲ್ಲಿನಿಂದ ಏಳಬೇಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. "ಕಡತ ಲಭ್ಯವಿಲ್ಲ" ಎಂದು ಲಿಖಿತವಾಗಿ ಬಂದರೆ ಬೇಜಾರಾಗಬೇಡಿ, ಅದನ್ನೂ ಅಂಟಿಸಿಕೊಳ್ಳಿ. ಸ್ಮಶಾನದ ಕಡತವೇ ಇಲ್ಲ ಅನ್ನುವುದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ?

ಮುಂದಿನ ಗ್ರಾಮಸಭೆಗೆ ನೋಟ್‌ಬುಕ್ಕಿನ ಎಲ್ಲವನ್ನೂ ಒಯ್ಯಬೇಡಿ. ಒಂದೇ ವಿಷಯ, ಉದಾಹರಣೆಗೆ ಸ್ಮಶಾನದ ದಾರಿ, ಸರ್ವೆ ನಂಬರ್ ಸಮೇತ ಎತ್ತಿ. ಅದು ನಡಾವಳಿಯಲ್ಲಿ ಬರೆದದ್ದನ್ನು ಅಲ್ಲೇ ಓದಿಸಿಕೊಳ್ಳಿ, ವಾರದೊಳಗೆ ಪ್ರತಿ ಪಡೆಯಿರಿ. ಬರುವ ವರ್ಷ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ. ಪ್ರಶ್ನೆ ಬದಲಿಸಿದರೆ ಹೋಲಿಸಲು ಏನೂ ಉಳಿಯುವುದಿಲ್ಲ.