ಸಭೆ ಬಿಟ್ಟಿರಲಿಲ್ಲ, ಆದರೂ ತಿರುಗಿ ಬರಬೇಕಿತ್ತು

ದೇವರ ಕಡೆಗೆ ತಿರುಗಿಕೊಳ್ಳಬೇಕು ಅಂದ ಕೂಡಲೇ ನಮ್ಮ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಕೆಲವರ ಮುಖ ನೆನಪಾಗುತ್ತದೆ. ಕುಡಿತ ಬಿಡದವನು, ಜಗಳವಾಡಿ ಸಭೆ ಬಿಟ್ಟವನು, ಕ್ರಿಸ್ಮಸ್‌ಗೆ ಮಾತ್ರ ಬರುವವನು. ನನಗೂ ಅವರೇ ನೆನಪಾಗುತ್ತಿದ್ದರು. ನಾನಂತೂ ಎಲ್ಲೂ ಹೋದವನಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರಲ್ಲ, ಅವರು ಕಟ್ಟಿದ ಸಭೆಗಳಲ್ಲೇ ಬೆಳೆದ ಮನೆತನ ನಮ್ಮದು. ಭಾನುವಾರದ ಆರಾಧನೆ, ಕ್ವಯರ್ (ಹಾಡುವ ತಂಡ), ಸಂಡೇ ಸ್ಕೂಲ್ ಪಾಠ, ಮನೆಕೂಟ, ಯಾವುದನ್ನೂ ತಪ್ಪಿಸಿದವನಲ್ಲ. ಇಂಥವನಿಗೂ ತಿರುಗಿ ಬರುವ ಅಗತ್ಯ ಇರುತ್ತದೆ. ಅದು ನನಗೆ ಹೇಗೆ ಗೊತ್ತಾಯಿತು, ಆಮೇಲೆ ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಸಭೆಯ ಒಳಗೇ ಇರುವವರಿಗೆ ಉಪಯೋಗ ಆಗಬಹುದು.

ಸಭೆಯ ಮುಂದೆ ನಿಂತು ಪ್ರಾರ್ಥಿಸಲು ಹೇಳಿದರೆ ನನಗೆ ಮಾತು ಸರಾಗವಾಗಿ ಬರುತ್ತಿತ್ತು. ಮನೆಯಲ್ಲಿ ಒಬ್ಬನೇ ಕೂತರೆ ಏನೂ ಬರುತ್ತಿರಲಿಲ್ಲ. ಬೈಬಲ್ ತೆರೆದರೆ, ಈ ವಾರ ಮಕ್ಕಳಿಗೆ ಏನು ಹೇಳಿಕೊಡಲಿ ಎಂದು ಹುಡುಕುತ್ತಿದ್ದೆ. ಪ್ರಸಂಗ (ಉಪದೇಶ) ಕೇಳುವಾಗ ಈ ಮಾತು ಇಂಥವರಿಗೆ ತಾಗಬೇಕು ಎಂದು ಮನಸ್ಸಿನಲ್ಲೇ ಹಂಚುತ್ತಿದ್ದೆ. ಇದಕ್ಕೆಲ್ಲ ಕೆಲಸ ಜಾಸ್ತಿ, ಆಯಾಸ ಎಂದು ಕಾರಣ ಹೇಳಿಕೊಳ್ಳುತ್ತಿದ್ದೆ. ಆಯಾಸವೂ ಇತ್ತು, ನಿಜ. ಆದರೆ ವಿಶ್ರಾಂತಿ ತೆಗೆದುಕೊಂಡರೂ ಮನಸ್ಸು ದೇವರ ಕಡೆಗೆ ಹೋಗುತ್ತಿರಲಿಲ್ಲ.

ಒಂದು ವರ್ಷ ಲೆಂಟ್ ದಿನಗಳಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದಲ್ಲಿ, ಬಹಳ ಕಾಲ ಸಭೆಯಿಂದ ದೂರ ಇದ್ದ ಒಬ್ಬ ಸಹೋದರ ವಾಪಸು ಬಂದ. ಎಲ್ಲರೂ ಅವನ ಕೈ ಹಿಡಿದು ಮಾತಾಡಿಸಿದರು. ಅವನ ಕಂಠ ಚೆನ್ನಾಗಿದೆ. ಶುಭ ಶುಕ್ರವಾರದ ಆರಾಧನೆಯಲ್ಲಿ ಒಬ್ಬನೇ ಹಾಡುವ ಅವಕಾಶವನ್ನು ಸಭಾಪಾಲಕರು ಅವನಿಗೆ ಕೊಟ್ಟರು. ನನಗೆ ಹೊಟ್ಟೆಯೊಳಗೆ ಉರಿ ಬಿತ್ತು. ಇಷ್ಟು ವರ್ಷ ಪ್ರಾಕ್ಟೀಸ್ ತಪ್ಪಿಸದೆ ಬಂದವರಿಗೆ ಇಲ್ಲದ್ದು ನಿನ್ನೆ ಬಂದವನಿಗೆ ಯಾಕೆ? ಯಾರಿಗೂ ಹೇಳಲಿಲ್ಲ. ಅವನ ಹತ್ತಿರ ಹೋಗಿ ಮಾತಾಡಿಸಲೂ ಇಲ್ಲ.

ಅದೇ ವಾರ ಸಂಡೇ ಸ್ಕೂಲಿಗೆ ಲೂಕನ ಸುವಾರ್ತೆಯ 15ನೇ ಅಧ್ಯಾಯ ಪಾಠ ಮಾಡಬೇಕಿತ್ತು. ನೂರು ಕುರಿ, ಹತ್ತು ನಾಣ್ಯ, ಇಬ್ಬರು ಮಕ್ಕಳು. ಎಷ್ಟು ಸಲ ಕಲಿಸಿದ ಪಾಠ ಅದು! ಕಿರಿಯ ಮಗ ತನ್ನ ಪಾಲಿನ ಆಸ್ತಿ ಹಾಳುಮಾಡಿ ವಾಪಸು ಬರುತ್ತಾನೆ, ತಂದೆ ಔತಣ ಮಾಡಿಸುತ್ತಾನೆ, ಮನೆಯಲ್ಲೇ ಇದ್ದ ದೊಡ್ಡ ಮಗ ಸಿಟ್ಟಾಗುತ್ತಾನೆ. ದೊಡ್ಡ ಮಗನ ಮಾತಿಗೆ ಬಂದಾಗ ಮುಂದೆ ಓದಲು ಆಗಲಿಲ್ಲ. ಇಷ್ಟು ವರ್ಷ ನಿನ್ನ ಸೇವೆ ಮಾಡಿದ್ದೇನೆ, ನಿನ್ನ ಮಾತು ಮೀರಿಲ್ಲ, ನನಗೆ ಒಂದು ಆಡಿನ ಮರಿಯನ್ನೂ ಕೊಟ್ಟಿಲ್ಲ ಅನ್ನುತ್ತಾನೆ. ತಮ್ಮನನ್ನು ತಮ್ಮ ಅನ್ನುವುದಿಲ್ಲ, 'ಈ ನಿನ್ನ ಮಗ' ಅನ್ನುತ್ತಾನೆ. ನನ್ನ ಮನಸ್ಸಿನಲ್ಲಿ ಇದ್ದದ್ದೂ ಇಷ್ಟೇ ಅಲ್ವಾ? ಯೇಸು ಈ ಕಥೆಗಳನ್ನು ಹೇಳಿದ್ದು ಯಾವಾಗ ಎಂಬುದು ಅಧ್ಯಾಯದ ಮೊದಲಲ್ಲೇ ಇದೆ. ಆತ ಪಾಪಿಗಳ ಜೊತೆ ಊಟ ಮಾಡುತ್ತಾನೆ ಎಂದು ಧರ್ಮನಿಷ್ಠರೆನಿಸಿಕೊಂಡ ಯೆಹೂದ್ಯರಾದ ಫರಿಸಾಯರೂ ಶಾಸ್ತ್ರಿಗಳೂ ಗುಣುಗುಟ್ಟಿದಾಗ. ಅಂದರೆ ಕೊನೆಯ ಭಾಗ ದೇವಭಕ್ತರಿಗೇ ಹೇಳಿದ್ದು. ಇನ್ನೊಂದು ವಿಷಯವೂ ಆಗ ಕಣ್ಣಿಗೆ ಬಿತ್ತು. ಕುರಿ ಕಳೆದದ್ದು ಹೊರಗೆ, ನಾಣ್ಯ ಕಳೆದದ್ದು ಮನೆಯೊಳಗೆ. ಒಳಗೆ ಇದ್ದುಕೊಂಡೇ ಕಳೆದುಹೋಗಬಹುದು.

ಅವತ್ತೇ ಕಣ್ಣೀರು ಬಂತು, ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಮೊದಲು ಬಂದದ್ದು ಬೇರೆ ತರದ ಯೋಚನೆ: ನೀನು ಕಪಟಿ, ನಿನ್ನ ಸೇವೆಯೆಲ್ಲ ಸುಳ್ಳು, ಸುಮ್ನೆ ಬಿಟ್ಟುಬಿಡು. ಇದನ್ನು ಗುರುತಿಸುವುದು ಮುಖ್ಯ. ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 7ನೇ ಅಧ್ಯಾಯದಲ್ಲಿ ಎರಡು ಬಗೆಯ ದುಃಖದ ಮಾತಿದೆ. ಒಂದು ದೇವರ ಕಡೆಗೆ ತಿರುಗಿಸುತ್ತದೆ, ಇನ್ನೊಂದು ಸಾವಿಗೆ ಒಯ್ಯುತ್ತದೆ. ಯೇಸುವನ್ನು ಅರಿಯೆನು ಅಂದ ಪೇತ್ರನೂ ಅತ್ತ, ಯೇಸುವನ್ನು ಹಿಡಿದುಕೊಟ್ಟ ಯೂದನೂ ಪಶ್ಚಾತ್ತಾಪಪಟ್ಟ. ಪೇತ್ರ ಯೇಸುವಿನ ಬಳಿಗೆ ವಾಪಸು ಬಂದ, ಯೂದ ಬರಲಿಲ್ಲ. ನನ್ನ ಅನುಭವದಲ್ಲಿ ಇವೆರಡನ್ನು ಬೇರೆ ಮಾಡುವುದು ಹೀಗೆ: ನೀನು ಕೆಟ್ಟವನು ಎಂದು ಒಟ್ಟಾರೆ ದೂರುವ ಯೋಚನೆಯಿಂದ ಏನು ಮಾಡಬೇಕು ಎಂಬುದೇ ತಿಳಿಯುವುದಿಲ್ಲ. ದೇವರಾತ್ಮನು ತೋರಿಸುವಾಗ ಇಂಥದ್ದು ಎಂದು ಸ್ಪಷ್ಟವಾಗಿ ತೋರಿಸುತ್ತಾನೆ. ಆ ಸಹೋದರನ ಕೈ ನೀನು ಹಿಡಿಯಲಿಲ್ಲ ಎಂದು. ಅದಕ್ಕೆ ನಾನು ಏನಾದರೂ ಮಾಡಬಲ್ಲೆ.

ಆಮೇಲೆ ನಾನು ಹಿಡಿದದ್ದು ನಮ್ಮ ಆರಾಧನಾ ಕ್ರಮದ ಪಾಪ ಅರಿಕೆಯನ್ನು. ನಾವು ಪ್ರಾಟೆಸ್ಟೆಂಟರು ಸಾಮಾನ್ಯವಾಗಿ ಸಭೆಯಾಗಿ ಒಟ್ಟಿಗೆ ಅರಿಕೆ ಮಾಡುತ್ತೇವೆ. ಅದು ಒಳ್ಳೆಯದು, ಆದರೆ ಗುಂಪಿನ ದನಿಯಲ್ಲಿ ಅಡಗಿಕೊಳ್ಳುವುದೂ ಸುಲಭ. ಬಾಯಿಪಾಠವಾದ ಆ ಸಾಲುಗಳನ್ನು ಮನೆಯಲ್ಲಿ ಒಬ್ಬನೇ ಕೂತು, ಒಂದೊಂದೇ ಸಾಲಾಗಿ, ನಿಲ್ಲಿಸಿ ನಿಲ್ಲಿಸಿ ಓದಿದೆ. 'ನಾವು' ಇದ್ದ ಕಡೆ 'ನಾನು' ಅಂದೆ. ದೇವರಿಗೂ ನೆರೆಯವನಿಗೂ ವಿರೋಧವಾಗಿ ಎಂಬಲ್ಲಿ ಆ ಸಹೋದರನ ಹೆಸರು ಹೇಳಿದೆ. ಬಾಯಿ ಬಿಟ್ಟು ಹೆಸರು ಹೇಳುವುದು ಬಹಳ ಕಷ್ಟವಾಯಿತು.

ಅದರ ಜೊತೆಗೆ 51ನೇ ಕೀರ್ತನೆ. ಇನ್ನೊಬ್ಬನ ಹೆಂಡತಿಯನ್ನು ತೆಗೆದುಕೊಂಡ ರಾಜ ದಾವೀದನ ಪಾಪ ನನ್ನದಲ್ಲ ಎಂದು ಅದನ್ನು ಯಾವಾಗಲೂ ದೂರದಿಂದ ಓದುತ್ತಿದ್ದೆ. ಈ ಸಲ 12ನೇ ವಚನ ನನ್ನದೇ ಆಯಿತು. ನಿನ್ನ ರಕ್ಷಣೆಯ ಆನಂದವನ್ನು ನನಗೆ ತಿರುಗಿ ಕೊಡು ಎಂದು ಬೇಡುತ್ತಾನೆ ದಾವೀದ. ನನ್ನಲ್ಲಿ ಇಲ್ಲದೆ ಹೋದದ್ದು ಆ ಆನಂದವೇ. ಪ್ರಾರ್ಥಿಸಲು ಮನಸ್ಸಿಲ್ಲದ ದಿನ ಅದನ್ನೇ ದೇವರಿಗೆ ಹೇಳಿದೆ: ತಂದೆಯೇ, ನಿನ್ನ ಹತ್ತಿರ ಬರಲು ನನಗೆ ಮನಸ್ಸಿಲ್ಲ, ಆ ಮನಸ್ಸನ್ನೂ ನೀನೇ ಕೊಡು. ಬಹಳ ದಿನಗಳ ನಂತರ ನಾನು ಮಾಡಿದ ನಿಜವಾದ ಪ್ರಾರ್ಥನೆ ಅದು.

ಸಭಾಪಾಲಕರ ಹತ್ತಿರ ಹೋಗಿ ಎಲ್ಲ ಹೇಳಿದೆ. 'ಅಯ್ಯನವರೇ, ಕ್ವಯರ್ ಬಿಟ್ಟುಬಿಡಲಾ?' ಎಂದು ಕೇಳಿದೆ. ಅವರು ಬೇಡ ಅಂದರು. ಎಫೆಸದ ಸಭೆಗೆ ಬರೆದದ್ದನ್ನು ಓದಲು ಹೇಳಿದರು, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 2ನೇ ಅಧ್ಯಾಯ. ಆ ಸಭೆಯವರು ಪ್ರಯಾಸಪಟ್ಟಿದ್ದರು, ತಾಳಿಕೊಂಡಿದ್ದರು, ಸುಳ್ಳು ಅಪೊಸ್ತಲರನ್ನು ಗುರುತಿಸಿದ್ದರು. ಕರ್ತನು ಅದನ್ನೆಲ್ಲ ಮೆಚ್ಚುತ್ತಾನೆ. ಮೆಚ್ಚಿದ ಮೇಲೆ, ಮೊದಲಿನ ಪ್ರೀತಿಯನ್ನು ಬಿಟ್ಟಿದ್ದೀರಿ ಅನ್ನುತ್ತಾನೆ. ಎಲ್ಲಿಂದ ಬಿದ್ದೆ ನೆನಪು ಮಾಡಿಕೋ, ತಿರುಗಿಕೋ, ಮೊದಲು ಮಾಡುತ್ತಿದ್ದುದನ್ನು ಮಾಡು ಎಂಬುದು ಆತನ ಅಪ್ಪಣೆ. ಸೇವೆ ನಿಲ್ಲಿಸು ಎಂದು ಅಲ್ಲಿ ಇಲ್ಲ. ಪ್ರಾಯಶ್ಚಿತ್ತ ಎಂದು ಹೊಸ ಹೊರೆ ಹೊತ್ತುಕೊಳ್ಳುವುದೂ ಸರಿಯಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ದೊಡ್ಡ ಮಗನ ತೊಂದರೆಯೇ ಅದು, ತಂದೆಯ ಮನೆಯಲ್ಲಿ ಕೂಲಿಯ ಲೆಕ್ಕ ಹಾಕಿದ್ದು.

ನಾನು ಮೊದಲು ಮಾಡುತ್ತಿದ್ದುದು ಯಾವುದು? ಯೌವನದಲ್ಲಿ ಬೆಳಗ್ಗೆ ಎದ್ದು ಸುವಾರ್ತೆಯನ್ನು ಯಾರಿಗೂ ಕಲಿಸುವ ಉದ್ದೇಶವಿಲ್ಲದೆ ಓದುತ್ತಿದ್ದೆ. ಅದಕ್ಕೆ ವಾಪಸು ಹೋದೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿದೆ. ಪಾಠಕ್ಕೆ ಬೇಕಾಗುವ ಟಿಪ್ಪಣಿ ಆ ಹೊತ್ತಿನಲ್ಲಿ ಬರೆಯುವುದಿಲ್ಲ ಎಂದು ನಿಯಮ ಮಾಡಿಕೊಂಡೆ.

ಆ ಸಹೋದರನ ಹತ್ತಿರ ಹೋಗಿ, ನೀವು ಬಂದಾಗ ನನಗೆ ಸಂತೋಷ ಆಗಿರಲಿಲ್ಲ, ಕ್ಷಮಿಸಿ ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಣ್ಣಾ, ನಿಮ್ಮ ಮುಖ ನೋಡಿ ನನಗೆ ಆಗಲೇ ಗೊತ್ತಾಗಿತ್ತು. ವಾಪಸು ಹೋಗಿಬಿಡೋಣ ಅನ್ನಿಸಿತ್ತು' ಎಂದ. ಆ ಮಾತು ಕೇಳಿದ ಮೇಲೆ ನನಗೆ ಅಳು ಬಂತು. ನನ್ನೊಳಗಿನ ವಿಷಯ ಅಂದುಕೊಂಡದ್ದು ಇನ್ನೊಬ್ಬನನ್ನು ಬಾಗಿಲಿಂದಲೇ ತಿರುಗಿ ಕಳಿಸುವುದರಲ್ಲಿತ್ತು.

ಈಗಲೂ ಮನಸ್ಸು ಒಣಗಿದ ದಿನಗಳು ಬರುತ್ತವೆ. ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ಇರುವ ಭಾನುವಾರದ ಹಿಂದಿನ ಸಂಜೆ ಅರಿಕೆಯ ಸಾಲುಗಳನ್ನು ಮತ್ತೆ ನಿಧಾನವಾಗಿ ಓದುತ್ತೇನೆ. ಯಾವ ಹೆಸರು ಹೇಳಲು ಬಾಯಿ ಬರುವುದಿಲ್ಲವೋ ಅಲ್ಲಿ ನಿಲ್ಲುತ್ತೇನೆ. ಸಾಧ್ಯವಾದರೆ ಆರಾಧನೆಗೆ ಮುಂಚೆಯೇ ಅವರಿಗೆ ಫೋನ್ ಮಾಡುತ್ತೇನೆ.