ಕೂದಲು ಉದುರುವುದು ಬೇರೆ, ಸಣ್ಣಗಾಗುವುದು ಬೇರೆ

ತಲೆಸ್ನಾನ ಮಾಡಿದಾಗ ಬಚ್ಚಲ ಜಾಲರಿಗೆ ಸಿಕ್ಕಿಕೊಂಡ ಕೂದಲನ್ನು ಎಣಿಸುವ ಹುಡುಗರು ಬಹಳ ಮಂದಿ ಇದ್ದಾರೆ. ಆ ಎಣಿಕೆಯಿಂದ ತಿಳಿಯುವುದು ತೀರಾ ಕಡಿಮೆ. ಆರೋಗ್ಯವಾಗಿರುವವನ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಹೋಗುತ್ತವೆ. ಎರಡು ದಿನ ಬಿಟ್ಟು ತೊಳೆದರೆ ಅಷ್ಟೂ ದಿನದ್ದು ಒಟ್ಟಿಗೇ ಕೈಗೆ ಬಂದು ಎದೆ ಧಸಕ್ಕೆನ್ನುತ್ತದೆ, ಅಷ್ಟೇ. ನನ್ನದು ಇದಕ್ಕೆ ತಿರುಗಾಮುರುಗಾ. ದಿಂಬಿನ ಮೇಲೆ ಕೂದಲಿಲ್ಲ, ಬಾಚಣಿಗೆಯಲ್ಲೂ ಹೆಚ್ಚಿಲ್ಲ. ಆದರೂ ಇಪ್ಪತ್ತಮೂರು ದಾಟುವಷ್ಟರಲ್ಲಿ ಹಣೆಯ ಎರಡೂ ಮೂಲೆಗಳು ಮೇಲಕ್ಕೆ ಸರಿದಿದ್ದವು, ಸುಳಿಯ ಸುತ್ತ ನೆತ್ತಿಯ ಚರ್ಮ ಕಾಣತೊಡಗಿತ್ತು. ಉದುರದೆ ಖಾಲಿಯಾಗುವುದು ಹೇಗೆ?

ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ತಲೆ ನೋಡುವ ಮೊದಲೇ ಪ್ರಶ್ನೆ ಶುರುಮಾಡಿದರು. "ಈಚೆಗೆ ಜೋರು ಜ್ವರ ಬಂದಿತ್ತಾ? ಆಪರೇಷನ್ ಏನಾದರೂ ಆಗಿತ್ತಾ? ಬೇಗ ಬೇಗ ತೂಕ ಇಳಿಸಿದ್ರಾ? ಬೇರೆ ಯಾವುದಾದರೂ ಮಾತ್ರೆ ನಡೀತಿದೆಯಾ?" ಎಲ್ಲಕ್ಕೂ ಇಲ್ಲ ಎಂದೆ. ಈ ಪ್ರಶ್ನೆಗಳ ಮರ್ಮ ಆಮೇಲೆ ತಿಳಿಯಿತು. ತಲೆಯ ಒಂದೊಂದು ಕೂದಲಿಗೂ ಅದರದೇ ಚಕ್ರವಿದೆ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಸುಮಾರು ಮೂರು ತಿಂಗಳು ಸುಮ್ಮನಿದ್ದು ಬಿದ್ದುಹೋಗುತ್ತದೆ. ಅದೇ ಬುಡದಿಂದ ಇನ್ನೊಂದು ಹುಟ್ಟುತ್ತದೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಮ್ಮೆಗೇ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ನಂತರ ಗೊಂಚಲು ಗೊಂಚಲಾಗಿ ಉದುರುತ್ತವೆ. ಜ್ವರ ಮರೆತೇ ಹೋಗಿರುವ ಹೊತ್ತಿಗೆ ಕೂದಲು ಉದುರುವುದರಿಂದ ಜನ ಶಾಂಪೂವನ್ನೋ ನೀರನ್ನೋ ಬೈಯುತ್ತಾರೆ. ನೋಡಲು ಭಯಂಕರ, ಆದರೆ ಬುಡಕ್ಕೆ ಏನೂ ಆಗಿರುವುದಿಲ್ಲ. ಕಾರಣ ಸರಿಹೋದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ. ಇದಕ್ಕೆ ಟೆಲೋಜನ್ ಎಫ್ಲೂವಿಯಂ ಎನ್ನುತ್ತಾರೆ. ಪವಾಡ ಮಾಡಿತೆಂದು ಹೊಗಳಿಸಿಕೊಳ್ಳುವ ಎಷ್ಟೋ ಎಣ್ಣೆಗಳ ಗುಟ್ಟು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ: ತಾನಾಗಿ ವಾಸಿಯಾಗುವ ಕಾಯಿಲೆಗೆ ಯಾವ ಮದ್ದು ಹಚ್ಚಿದರೂ ಗುಣ.

ಆಮೇಲೆ ಪರೀಕ್ಷೆ. ಒಂದಷ್ಟು ಕೂದಲನ್ನು ಬೆರಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದರು. ಕೈಗೆ ಬಂದದ್ದು ಒಂದೋ ಎರಡೋ. ಬಳಿಕ ದೀಪವಿರುವ ಸಣ್ಣ ಭೂತಗನ್ನಡಿಯಂಥ ಡರ್ಮಟೋಸ್ಕೋಪನ್ನು ನೆತ್ತಿಗೆ ಒತ್ತಿ, ಕಂಡದ್ದನ್ನು ಪರದೆಯ ಮೇಲೆ ತೋರಿಸಿದರು. ತಲೆಯ ಹಿಂಭಾಗದಲ್ಲಿ ಒಂದೊಂದು ರಂಧ್ರದಿಂದ ಎರಡು ಮೂರು ಕೂದಲು, ಎಲ್ಲ ಒಂದೇ ದಪ್ಪ. ನೆತ್ತಿಯಲ್ಲಿ ಒಂಟಿ ಕೂದಲುಗಳೇ ಹೆಚ್ಚು. ದಪ್ಪದ್ದರ ಪಕ್ಕದಲ್ಲೇ ಸಣ್ಣದು, ಅದರ ಪಕ್ಕ ಕೈಮೇಲಿನ ರೋಮದಷ್ಟು ತೆಳ್ಳನೆಯದು. "ನಿಮ್ಮ ಕೂದಲು ಎಲ್ಲೂ ಹೋಗಿಲ್ಲ, ಸಣ್ಣಗಾಗ್ತಿದೆ" ಎಂದರು ಡಾಕ್ಟರು. ಪ್ರತಿ ಸುತ್ತಿನಲ್ಲೂ ಬೆಳೆಯುವ ಅವಧಿ ಕಡಿಮೆಯಾಗುತ್ತದೆ, ರೋಮಕೂಪ ಕುಗ್ಗುತ್ತದೆ, ಹುಟ್ಟುವ ಕೂದಲು ಹಿಂದಿನದಕ್ಕಿಂತ ತೆಳುವಾಗುತ್ತದೆ. ಜಾಲರಿಯಲ್ಲಿ ಏನೂ ಕಾಣದೆ ತಲೆ ಖಾಲಿಯಾಗುವ ಲೆಕ್ಕ ಅಲ್ಲಿ ಬಗೆಹರಿಯಿತು. ಕಾಯಿಲೆಯ ಹೆಸರು ಆಂಡ್ರೊಜೆನೆಟಿಕ್ ಅಲೊಪೀಸಿಯಾ. ನಾವು ದಿನವೂ ನೋಡುವ ಗಂಡಸರ ಬೊಕ್ಕತಲೆ. ಹ್ಯಾಮಿಲ್ಟನ್-ನಾರ್ವುಡ್ ಅಳತೆಯ ಏಳು ಹಂತಗಳಲ್ಲಿ ನನ್ನದು ಮೂರನೆಯದು ಎಂದು ಕಾಗದದಲ್ಲಿ ಬರೆದರು.

ಆ ಹ್ಯಾಮಿಲ್ಟನ್ ಯಾರೆಂದು ಹುಡುಕಿದ್ದು ನನ್ನ ಕೆಟ್ಟ ಕುತೂಹಲ. ಜೇಮ್ಸ್ ಹ್ಯಾಮಿಲ್ಟನ್ ಅಮೆರಿಕದ ಸಂಶೋಧಕ. ಹರೆಯಕ್ಕೆ ಮುನ್ನವೇ ವೃಷಣ ಕಳೆದುಕೊಂಡವರ ತಲೆ ಬೋಳಾಗುವುದಿಲ್ಲ, ಅಂಥವರಿಗೆ ಟೆಸ್ಟೋಸ್ಟಿರಾನ್ ಕೊಟ್ಟರೆ ವಂಶದಲ್ಲಿ ಬೊಕ್ಕತನ ಇದ್ದವರ ತಲೆ ಬೋಳಾಗುತ್ತದೆ ಎಂದು 1942ರಲ್ಲಿ ತೋರಿಸಿದವನು. ಹಾರ್ಮೋನು ಮತ್ತು ವಂಶ, ಎರಡೂ ಕೂಡಬೇಕು. ಮುಂದೆ 1974ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಕೆಲವು ಕುಟುಂಬಗಳ ವಿಚಾರ ಹೊರಬಂತು. ಆ ಗಂಡಸರಲ್ಲಿ ಟೆಸ್ಟೋಸ್ಟಿರಾನನ್ನು ಡಿಎಚ್‌ಟಿ ಎಂಬ ಇನ್ನೂ ಪ್ರಬಲ ಹಾರ್ಮೋನಾಗಿ ಬದಲಿಸುವ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡುತ್ತಿರಲಿಲ್ಲ. ಅವರ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಚಿಕ್ಕದು, ಹಣೆಯ ಕೂದಲು ಹಿಂದೆ ಸರಿಯುವುದಿಲ್ಲ. ಆ ಕಿಣ್ವವನ್ನು ತಡೆಯುವ ಫಿನಾಸ್ಟೆರೈಡ್ ಮಾತ್ರೆಯ ಬೀಜ ಇದು. ಮೊದಲು 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ 5 ಮಿಲಿಗ್ರಾಂನ ಮಾತ್ರೆಯಾಗಿ, ಆಮೇಲೆ 1997ರಲ್ಲಿ ತಲೆಗೂದಲಿಗೆ 1 ಮಿಲಿಗ್ರಾಂನದಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈ ಕತೆ ಓದಿದ ಮೇಲೆ ಒಂದು ಸಮಾಧಾನ: ನನ್ನ ಟೆಸ್ಟೋಸ್ಟಿರಾನ್ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ನೆತ್ತಿಯ ರೋಮಕೂಪಗಳಿಗೆ ಡಿಎಚ್‌ಟಿ ಆಗಿಬರುವುದಿಲ್ಲ, ಅಷ್ಟೇ. ಹೆಲ್ಮೆಟ್ಟಿನಿಂದಲೂ ಆದದ್ದಲ್ಲ, ರಾತ್ರಿ ನಿದ್ದೆಗೆಟ್ಟದ್ದರಿಂದಲೂ ಆದದ್ದಲ್ಲ.

ಮನೆಯಲ್ಲಿ ಅಮ್ಮ "ನಿನ್ನ ಮಾವನ ತಲೆ ಬಂದಿದೆ ನಿನಗೆ" ಎಂದಳು. ಅಪ್ಪನಿಗೆ ಒಳಗೊಳಗೇ ಖುಷಿ. ತಪ್ಪು ಅವನ ಕಡೆಯದಲ್ಲವಲ್ಲ. ಅಮ್ಮನ ಮಾತಿನಲ್ಲಿ ಅರ್ಧ ಸತ್ಯವಿದೆ. ಆಂಡ್ರೊಜನ್ ಅಂದರೆ ಗಂಡು ಹಾರ್ಮೋನುಗಳು ಬಂದು ಅಂಟುವ ಗ್ರಾಹಕದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ, ಗಂಡುಮಕ್ಕಳಿಗೆ ಅದು ತಾಯಿಯಿಂದಲೇ ಬರುವುದು. ಆದರೆ ಬೊಕ್ಕತನಕ್ಕೆ ನಂಟಿರುವ ಜೀನ್‌ಗಳು ಇನ್ನೂ ಬಹಳ ಇವೆ, ಅವು ಎರಡೂ ಕಡೆಯಿಂದ ಬರುತ್ತವೆ. ಅಪ್ಪನ ತಲೆಯನ್ನು ಹಿಂದಿನಿಂದ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಕ್ತಪರೀಕ್ಷೆಗೂ ಬರೆದುಕೊಟ್ಟಿದ್ದರು: ಹಿಮೋಗ್ಲೋಬಿನ್, ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್, ವಿಟಮಿನ್ ಡಿ. ನೆತ್ತಿ ಸಣ್ಣಗಾಗುತ್ತಿರುವವನಿಗೇ ಕಬ್ಬಿಣದ ಕೊರತೆಯೂ ಇದ್ದರೆ ಎರಡೂ ಸೇರಿ ಕೆಡಿಸುತ್ತವೆ ಎಂದು. ಇಲ್ಲೊಂದು ಉಪಯೋಗದ ಮಾತು: ಕೂದಲಿನ ಹೆಸರಲ್ಲಿ ಮಾರುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆ ಹೇಳಿ. ಬಯೋಟಿನ್ ಪ್ರಮಾಣ ಹೆಚ್ಚಿದ್ದರೆ ಥೈರಾಯ್ಡ್ ಪರೀಕ್ಷೆಯ ಅಂಕಿ ತಪ್ಪಾಗಬಹುದು, ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆಯೂ ದಾರಿತಪ್ಪಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ದೇಹದಲ್ಲಿ ಬಯೋಟಿನ್ ಕೊರತೆ ಇಲ್ಲದವನಿಗೆ ಅದರಿಂದ ಕೂದಲು ಬರುತ್ತದೆ ಎನ್ನಲು ಗಟ್ಟಿ ಆಧಾರವೂ ಇಲ್ಲ. ನನ್ನ ವರದಿಗಳೆಲ್ಲ ಸರಿಯಿದ್ದವು.

ಚಿಕಿತ್ಸೆ ಮಿನಾಕ್ಸಿಡಿಲ್‌ನಿಂದ ಶುರುವಾಯಿತು. ಇದು ಮೂಲತಃ ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬರತೊಡಗಿದ್ದರಿಂದ ತಲೆಗೆ ಹಚ್ಚುವ ದ್ರವವಾಯಿತು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ನನ್ನದು ಶೇ. 5ರ ದ್ರವ, ಒಂದು ಸಲಕ್ಕೆ 1 ಮಿಲಿಲೀಟರ್, ದಿನಕ್ಕೆ ಎರಡು ಬಾರಿ. ತಲೆ ಒಣಗಿರಬೇಕು. ಬೈತಲೆ ತೆಗೆದು ಚರ್ಮದ ಮೇಲೆ ಬೀಳುವಂತೆ ಡ್ರಾಪರ್‌ನಿಂದ ಹನಿಸಬೇಕು. ಕೂದಲಿಗೆ ಸವರಿದರೆ ಔಷಧ ದಂಡ. ಆಮೇಲೆ ಕೈ ತೊಳೆದುಕೊಳ್ಳಬೇಕು. ರಾತ್ರಿಯದನ್ನು ಮಲಗುವುದಕ್ಕೆ ಸಾಕಷ್ಟು ಮೊದಲೇ ಹಚ್ಚುತ್ತೇನೆ, ಇಲ್ಲವಾದರೆ ದಿಂಬಿಗೆ ಮೆತ್ತಿ ಅಲ್ಲಿಂದ ಮುಖಕ್ಕೆ ಬರುತ್ತದೆ, ಕೂದಲು ಬೇಡದ ಕಡೆ ಕೂದಲು. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಜೋಪಾನ: ಮಿನಾಕ್ಸಿಡಿಲ್ ಬೆಕ್ಕಿಗೆ ವಿಷ, ಚೆಲ್ಲಿದ್ದನ್ನು ನೆಕ್ಕಿದರೂ ಜೀವಕ್ಕೆ ಅಪಾಯ. ಕೆಲವು ವಾರಗಳಲ್ಲಿ ನೆತ್ತಿ ತುರಿಸಿ ಹೊಟ್ಟಿನಂತೆ ಸಿಪ್ಪೆ ಏಳತೊಡಗಿತು. ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಕೆಲವರಿಗೆ ಒಗ್ಗುವುದಿಲ್ಲವಂತೆ. ಅದಿಲ್ಲದ ನೊರೆಯ ರೂಪಕ್ಕೆ ಬದಲಿಸಿದರು, ತುರಿಕೆ ನಿಂತಿತು.

ಎರಡನೆಯ ತಿಂಗಳ ಸುಮಾರಿಗೆ ಕೂದಲು ನಿಜಕ್ಕೂ ಉದುರಿತು. ಅದುವರೆಗೆ ಖಾಲಿಯಿದ್ದ ಜಾಲರಿ ತುಂಬಿತು. ಡಾಕ್ಟರು ಮುಂಚೆಯೇ ಹೇಳದಿದ್ದರೆ ಬಾಟಲಿಯನ್ನು ಕಸದ ಬುಟ್ಟಿಗೆ ಎಸೆಯುತ್ತಿದ್ದೆನೇನೋ. ಸುಮ್ಮನಿದ್ದ ಬುಡಗಳನ್ನು ಔಷಧ ಎಬ್ಬಿಸಿದಾಗ, ಅಲ್ಲಿ ನಿಂತಿದ್ದ ಹಳೆಯ ಕೂದಲು ಹೊಸದಕ್ಕೆ ಜಾಗ ಬಿಟ್ಟು ಬೀಳುತ್ತದೆ. ಕೆಲವು ವಾರಗಳಲ್ಲಿ ತಾನೇ ತಗ್ಗುತ್ತದೆ, ನನಗೂ ತಗ್ಗಿತು. ಉದುರುವಿಕೆಗೂ ಬೋಳಾಗುವುದಕ್ಕೂ ನೇರ ಸಂಬಂಧವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ: ಏನೂ ಉದುರದಿದ್ದಾಗ ನನ್ನ ತಲೆ ಹದಗೆಡುತ್ತಿತ್ತು, ರಾಶಿ ಉದುರಿದ ತಿಂಗಳು ಸುಧಾರಿಸತೊಡಗಿತ್ತು.

ಫಿನಾಸ್ಟೆರೈಡ್ ವಿಷಯದಲ್ಲಿ ನಾನು ಅವಸರ ಮಾಡಲಿಲ್ಲ. ಮಿನಾಕ್ಸಿಡಿಲ್ ಬೆಳವಣಿಗೆಗೆ ಒತ್ತು ಕೊಡುತ್ತದೆ, ಡಿಎಚ್‌ಟಿಯ ತಂಟೆಗೆ ಹೋಗುವುದಿಲ್ಲ. ಫಿನಾಸ್ಟೆರೈಡ್ ಕಾರಣಕ್ಕೇ ಕೈಹಾಕುತ್ತದೆ, ರಕ್ತದ ಡಿಎಚ್‌ಟಿಯನ್ನು ಸುಮಾರು ಶೇ. 70ರಷ್ಟು ಇಳಿಸುತ್ತದೆ. ಕಾರಣಕ್ಕೆ ಕೈಹಾಕುವ ಮದ್ದಿಗೆ ಅಡ್ಡಪರಿಣಾಮವೂ ಇರುತ್ತದೆ. ಡಾಕ್ಟರು ಮುಚ್ಚುಮರೆ ಮಾಡದೆ ಹೇಳಿದರು: ಲೈಂಗಿಕ ಆಸಕ್ತಿ ಕುಗ್ಗಬಹುದು, ನಿಮಿರುವಿಕೆ ಅಥವಾ ವೀರ್ಯದ ಪ್ರಮಾಣ ಕಡಿಮೆಯಾಗಬಹುದು. ಒಪ್ಪಿಗೆಗೆ ಮುನ್ನ ನಡೆದ ಪ್ರಯೋಗಗಳಲ್ಲಿ ಇಂಥ ತೊಂದರೆ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 3.8ರಷ್ಟು ಮಂದಿಗೆ, ಹುಸಿ ಮಾತ್ರೆ ನುಂಗಿದವರಲ್ಲೂ ಶೇ. 2.1ರಷ್ಟು ಮಂದಿಗೆ ಕಂಡಿತ್ತು. ಬಹುಪಾಲು ಜನರಿಗೆ ಮಾತ್ರೆ ಬಿಟ್ಟ ಮೇಲೆ ಹೋಗುತ್ತದೆ. ಬಿಟ್ಟ ಮೇಲೂ ಉಳಿಯಿತು ಎಂದು ದೂರಿದವರೂ ಇದ್ದಾರೆ. ಮನಸ್ಸಿನ ವಿಷಯ ಇನ್ನೂ ಗಂಭೀರ. ಖಿನ್ನತೆಯ ಎಚ್ಚರಿಕೆ ಮೊದಲಿನಿಂದ ಇತ್ತು, ಆತ್ಮಹತ್ಯೆಯ ಯೋಚನೆ ಈ ಮಾತ್ರೆಯ ಅಡ್ಡಪರಿಣಾಮಗಳಲ್ಲೊಂದು ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ದೃಢಪಡಿಸಿತು.

"ಹಿಂದೆ ಯಾವಾಗಲಾದರೂ ಖಿನ್ನತೆಗೆ ಔಷಧ ತಗೊಂಡಿದ್ರಾ?" ಎಂದು ಅವರು ಕೇಳಿದ ರೀತಿ ನನಗೆ ಹಿಡಿಸಿತು. ಜ್ವರದ ಬಗ್ಗೆ ಕೇಳಿದಷ್ಟೇ ಸಹಜವಾಗಿ ಕೇಳಿದರು. ತೆಗೆದುಕೊಂಡಿರಲಿಲ್ಲ. ಮನೆಗೆ ಬಂದು ಅಣ್ಣನಿಗೆ ಎಲ್ಲ ಹೇಳಿದೆ, "ನಾನು ಮಂಕಾದ ಹಾಗೆ ಕಂಡರೆ ನನ್ನನ್ನು ಕೇಳಬೇಡ, ಮಾತ್ರೆ ಎತ್ತಿಡು" ಎಂದೆ. ಮಂಕು ಕವಿದವನಿಗೆ ತಾನು ಮಂಕಾಗಿದ್ದೇನೆಂದು ಗೊತ್ತಾಗುವುದು ಕೊನೆಗೆ. ಪಕ್ಕದಲ್ಲಿರುವವರಿಗೆ ಮೊದಲು ಗೊತ್ತಾಗುತ್ತದೆ. ಅಂಗಡಿಯಿಂದ ತಾವೇ ತಂದು ನುಂಗುವ ಹುಡುಗರಿಗೆ ಈ ಪ್ರಶ್ನೆ ಕೇಳುವವರು ಯಾರು? ಮಾತ್ರೆ ಶುರುಮಾಡಿದ ಮೇಲೆ ನನಗೆ ಈವರೆಗೆ ಹೇಳಿಕೊಳ್ಳುವಂಥ ತೊಂದರೆ ಆಗಿಲ್ಲ. ನನಗಾಗಿಲ್ಲ ಎಂದರೆ ಇನ್ನೊಬ್ಬನಿಗೆ ಆಗುವುದಿಲ್ಲ ಎಂದಲ್ಲ. ನೆನಪಿಡಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಪುಡಿಯಾದ ಮಾತ್ರೆಯನ್ನು ಬಸುರಿಯರು ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿಗೆ ತೊಂದರೆ. ಮಾತ್ರೆ ನಡೆಯುತ್ತಿರುವಾಗ ರಕ್ತದಾನಕ್ಕೆ ಹೋದರೆ ಮೊದಲೇ ತಿಳಿಸಬೇಕು. ವಯಸ್ಸಾದ ಮೇಲೆ ಪ್ರಾಸ್ಟೇಟ್‌ಗೆ ಮಾಡಿಸುವ ಪಿಎಸ್‌ಎ ಪರೀಕ್ಷೆಯ ಅಂಕಿಯನ್ನು ಇದು ಅರ್ಧಕ್ಕಿಳಿಸುತ್ತದೆ, ಆಗಲೂ ಹೇಳಬೇಕು.

ಫಲ ಅಳೆಯಲು ಫೋಟೊ ಒಂದೇ ದಾರಿ. ಕನ್ನಡಿಯಲ್ಲಿ ದಿನವೂ ನೋಡುವವನಿಗೆ ಏನೂ ತಿಳಿಯುವುದಿಲ್ಲ. ಬೆಳಗ್ಗೆ ಭರವಸೆ, ಲಿಫ್ಟಿನ ದೀಪದಡಿ ಹತಾಶೆ. ತಿಂಗಳಿಗೊಮ್ಮೆ ಒಂದೇ ಜಾಗ, ಒಂದೇ ಬೆಳಕು, ಒಣ ಕೂದಲು, ಒಂದೇ ಉದ್ದ; ಹಣೆ, ಎರಡು ಪಕ್ಕ, ನೆತ್ತಿ. ಹೊಸ ಫೋಟೊವನ್ನು ಹಿಂದಿನ ತಿಂಗಳದರ ಜೊತೆ ಹೋಲಿಸುವುದಿಲ್ಲ, ಮೊಟ್ಟಮೊದಲಿನದರ ಜೊತೆ ಮಾತ್ರ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಹಾಗಿರುವಾಗ ಆರು ತಿಂಗಳಿಗೆ ಮೊದಲು ತೀರ್ಪು ಕೊಡುವುದು ಅನ್ಯಾಯ. ಒಂದು ವರ್ಷವಾದಾಗ ಸುಳಿಯ ಸುತ್ತ ಸ್ಪಷ್ಟವಾಗಿ ತುಂಬಿಕೊಂಡಿತ್ತು. ಹಣೆಯ ಮೂಲೆಗಳು ಇದ್ದಲ್ಲೇ ಇದ್ದವು, ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಸರಿಯಲಿಲ್ಲ. ನಿಂತದ್ದೇ ಗೆಲುವು ಎಂದು ಒಪ್ಪಿಕೊಳ್ಳಲು ಫೋಟೊ ಇಲ್ಲದಿದ್ದರೆ ನನ್ನಿಂದಾಗುತ್ತಿರಲಿಲ್ಲ.

ಪಿಆರ್‌ಪಿ ಚುಚ್ಚುಮದ್ದು (ನಮ್ಮದೇ ರಕ್ತದಿಂದ ಬೇರ್ಪಡಿಸಿದ ದ್ರವವನ್ನು ನೆತ್ತಿಗೆ ಚುಚ್ಚುವುದು), ಲೇಸರ್ ಟೋಪಿ ಇವನ್ನು ನಾನು ಮಾಡಿಸಿಲ್ಲ. ಕೆಲವರಿಗೆ ಉಪಯೋಗವಾಗಿದೆ, ಆದರೆ ಸಾಕ್ಷ್ಯ ಈ ಎರಡು ಔಷಧಗಳಷ್ಟು ಗಟ್ಟಿಯಿಲ್ಲ. ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತದೆಂಬುದು ಬರೀ ಭ್ರಮೆ. ತುದಿ ಮೊಂಡಾಗಿರುವುದರಿಂದ ಒರಟಾಗಿ ಕಾಣುತ್ತದೆ, ಚರ್ಮದ ಒಳಗಿರುವ ಬುಡಕ್ಕೆ ಕತ್ತಿಯ ಸುದ್ದಿಯೇ ಗೊತ್ತಾಗುವುದಿಲ್ಲ.

ಇದಾವುದೂ ಎಲ್ಲ ಬಗೆಯ ಬೋಳಿಗೂ ಹೊಂದುವುದಿಲ್ಲ. ನಾಣ್ಯದಗಲ ದುಂಡಗೆ, ನುಣ್ಣಗೆ ಕೂದಲು ಹೋದರೆ ಅದು ಅಲೊಪೀಸಿಯಾ ಏರಿಯೇಟಾ ಇರಬಹುದು. ದೇಹದ ರಕ್ಷಣಾ ವ್ಯವಸ್ಥೆಯೇ ರೋಮಕೂಪದ ಮೇಲೆ ಬೀಳುವ ಕಾಯಿಲೆ, ಅದರ ಚಿಕಿತ್ಸೆಯೇ ಬೇರೆ. ನೆತ್ತಿ ಉರಿದು, ಕೆಂಪಾಗಿ, ಕೀವು ಬಂದು, ಆ ಜಾಗ ರಂಧ್ರಗಳೇ ಇಲ್ಲದೆ ಹೊಳೆಯುತ್ತಿದ್ದರೆ ಒಂದು ವಾರವೂ ಕಾಯಬಾರದು. ಕಲೆಗಟ್ಟಿದ ಬುಡದಿಂದ ಮತ್ತೆ ಕೂದಲು ಹುಟ್ಟುವುದಿಲ್ಲ.

ಕೂದಲು ಕಸಿ ಮಾಡಿಸುವ ಬಗ್ಗೆಯೂ ವಿಚಾರಿಸಿದೆ. ಒಂದು ಕಡೆ ಬೋಳಿನ ಚಿತ್ರ ನೋಡಿದವರೇ ದಿನಾಂಕ ಕೊಡಲು ಸಿದ್ಧರಿದ್ದರು, ಮನೆಯಲ್ಲಿ ಯಾರ ತಲೆ ಹೇಗಿದೆ ಎಂದು ಕೇಳಲೂ ಇಲ್ಲ. ನನ್ನ ಡಾಕ್ಟರು ಬೇಡ ಎಂದರು. ತಲೆಯ ಹಿಂಭಾಗದ ಕೂದಲನ್ನು ಮುಂದೆ ನೆಟ್ಟರೂ ಅದು ಹಿಂಭಾಗದ ಗುಣವನ್ನೇ ಉಳಿಸಿಕೊಳ್ಳುತ್ತದೆ. ಅಮೆರಿಕದ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಹೇಳಿದ ಈ ಮಾತಿನ ಮೇಲೇ ಇಂದಿನ ಕಸಿಯೆಲ್ಲ ನಿಂತಿದೆ. ತೊಡಕಿರುವುದು ಬೇರೆ ಕಡೆ. ಹಿಂಭಾಗದ ದಾಸ್ತಾನು ಸೀಮಿತ, ತೆಗೆದ ಬುಡ ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಬೋಳು ಎಲ್ಲಿಗೆ ಬಂದು ನಿಲ್ಲುತ್ತದೆಂದು ಯಾರೂ ಹೇಳಲಾರರು. ಈಗ ಹಣೆಗೆ ನೆಟ್ಟು, ಮುಂದೆ ಅದರ ಹಿಂದಿನ ಕೂದಲು ಹೋದರೆ ನಡುವೆ ಬಯಲು, ಮುಂದೊಂದು ಗೆರೆ. ನೆಟ್ಟ ಮೇಲೂ ಉಳಿದ ಕೂದಲಿಗಾಗಿ ಔಷಧ ಬಿಡುವಂತಿಲ್ಲ. "ಮೊದಲು ಔಷಧದಿಂದ ನಿಲ್ಲಲಿ, ಮೂವತ್ತರ ಹತ್ತಿರ ಮತ್ತೆ ನೋಡೋಣ" ಎಂದರು.

ಈ ಔಷಧಗಳಿಗೆ ಮುಗಿಯುವ ದಿನವಿಲ್ಲ. ನಿಲ್ಲಿಸಿದರೆ ಮಿನಾಕ್ಸಿಡಿಲ್‌ನಿಂದ ಬಂದದ್ದು ಕೆಲವೇ ತಿಂಗಳಲ್ಲಿ, ಫಿನಾಸ್ಟೆರೈಡ್‌ನಿಂದ ಉಳಿದದ್ದು ಸುಮಾರು ಒಂದು ವರ್ಷದಲ್ಲಿ ಹೋಗುತ್ತದೆ. ಆ ಮಾತು ಗೊತ್ತಿದ್ದೇ ಶುರುಮಾಡಿದ್ದು. ಮಗು ಬೇಕೆನಿಸಿದಾಗ ಮಾತ್ರೆ ಮುಂದುವರಿಸುವುದೋ ಬೇಡವೋ ಎಂದು ಡಾಕ್ಟರ ಹತ್ತಿರ ಮತ್ತೆ ಮಾತಾಡಬೇಕು. ಸಾಕೆನಿಸಿದರೆ ಬಿಡುತ್ತೇನೆ, ಟ್ರಿಮ್ಮರ್ ಹಿಡಿದು ಒಂದೇ ಮಟ್ಟಕ್ಕೆ ಕತ್ತರಿಸಿಕೊಳ್ಳುತ್ತೇನೆ. ಮಾವ ಹಾಗೇ ಇದ್ದಾನೆ, ಚೆನ್ನಾಗಿಯೇ ಕಾಣುತ್ತಾನೆ. ಸದ್ಯಕ್ಕೆ ಬಿಡುವ ಮನಸ್ಸಿಲ್ಲ.